ಎಡಬಲ

ಹೋದದ್ದು ಕಲ್ಲಿನ ನೋವಿಗೆ.
ಕುಶಾಲನಗರದಿಂದ ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿಕೊಂಡು
ಆನೆಕಾಡು ದಾಟಿ, ಸುಂಟಿಕೊಪ್ಪದ ಹಂಪಿಗೊಂದು ದೇವರನ್ನು ಕರೆದು
ಮಡಿಕೇರಿ ಮುಟ್ಟುವಾಗ ಬೆಳಕು ಹರಿದಿತ್ತು.
ಕಲ್ಲು ಮೂರನೆಯ ದಿನ ತಾನೇ ಬಿತ್ತು, ಅಕ್ಕಿನುಚ್ಚಿನಷ್ಟು.
ಅದನ್ನು ಹಿಡಿಯಲು ಹೋದ ಸ್ಕ್ಯಾನು
ಪಕ್ಕದಲ್ಲಿ ಸುಮ್ಮನೆ ನಿಂತಿದ್ದವನನ್ನೂ ಎಳೆತಂದಿತ್ತು.

ರಿಪೋರ್ಟಿನ ತಳದಲ್ಲಿ, ಸಹಿಗೆ ಒಂದು ಗೆರೆ ಮೇಲೆ:
ಅಡ್ರಿನಲ್ ಗ್ರಂಥಿಯಲ್ಲಿ ಗಂಟು, ಎರಡೂಕಾಲು ಸೆಂಟಿಮೀಟರು.
"ಕಿಡ್ನಿಯ ತಲೆಗೆ ಮಂಡೆತುಣಿ ಸುತ್ತಿದ ಹಾಗೆ ಒಂದು ಗ್ರಂಥಿ, ಕರುಂಬಯ್ಯ,
ಆ ಸುತ್ತಿನೊಳಗೆ ಏನೋ ಕೂತಿದೆ."

ಮೂವತ್ತು ವರ್ಷ ಕ್ಯೂರಿಂಗ್ ವರ್ಕ್ಸಿನ ಸ್ಯಾಂಪಲ್ ರೂಮಿನಲ್ಲಿ
ಮೂಟೆಗೆ ಕೊಳವೆ ಚುಚ್ಚಿ, ಹಿಡಿ ಬೀಜ ತೆಗೆದು
ಇಡೀ ಲಾರಿಯ ಹಣೆಬರಹ ಬರೆದವನು ನಾನು.
"ಹಾಗೇ ಒಂದು ಸೂಜಿ ಚುಚ್ಚಿ ನೋಡಿಬಿಡಿ" ಅಂದೆ.
ರುಬೀನಾ ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು.
"ಚುಚ್ಚಬಾರದು! ಮೊದಲು ಅದು ಮೂಗನೋ ಮಾತುಗಾರನೋ ತಿಳಿಯಬೇಕು.
ಕೆಲವು ಗಂಟು ರಕ್ತಕ್ಕೆ ಕದ್ದು ಕಾಗದ ಬರೆಯುತ್ತವೆ.
ಒಂದು ಬಿಪಿ ಏರಿಸುತ್ತದೆ, ಒಂದು ಮುಖ ಊದಿಸುತ್ತದೆ,
ಇನ್ನೊಂದನ್ನು ಕೆಣಕಿದರೆ ಎದೆಯೇ ಹಾರುತ್ತದೆ."

ರಾತ್ರಿ ಹನ್ನೊಂದಕ್ಕೆ ಪುಟ್ಟ ಮಾತ್ರೆ ಎರಡು, ಬೆಳಿಗ್ಗೆ ಎಂಟಕ್ಕೆ ರಕ್ತ.
ಮಾತ್ರೆ "ಸಾಕು, ಸುಮ್ಮನಿರು" ಅಂದರೆ
ಗ್ರಂಥಿ ಕೇಳುತ್ತದೋ ಇಲ್ಲವೋ, ಅದಕ್ಕೊಂದು ಪರೀಕ್ಷೆ.
ನನಗೆ ನಿದ್ದೆ ಬರಲಿಲ್ಲ; ಅದಕ್ಕೆ ಬಂತೋ ಏನೋ.
ಬಿಪಿ ಗುಳಿಗೆ ನುಂಗುವವನಾದ್ದರಿಂದ
ಪೊಟ್ಯಾಸಿಯಂ, ಇನ್ನೆರಡು ಹೆಸರು, ಇನ್ನೆರಡು ಬಾಟಲು.
ಆಮೇಲೆ ಐದು ಲೀಟರಿನ ಕ್ಯಾನು:
ಒಂದು ಹಗಲು ಒಂದು ರಾತ್ರಿಯ ಮೂತ್ರ, ಹನಿ ಬಿಡದೆ.
ತಳದಲ್ಲಿ ಆಸಿಡ್ ಇದೆ, ಜೋಪಾನ, ಅಂದ ಲ್ಯಾಬಿನ ಹುಡುಗ.
ಮೊದಲು ಮೂರು ದಿನ ಕಾಫಿ ಬಂದ್.
"ನಾನು ಕುಡಿಯುವುದಿಲ್ಲ ಮಾರಾಯ, ಸೊರ್ ಎಂದು ಎಳೆದು ಉಗುಳುತ್ತೇನೆ,
ದಿನಕ್ಕೆ ನಲವತ್ತು ಕಪ್ಪು. ಅದು ಲೆಕ್ಕವೇ?"
ಹುಡುಗ ಒಳಗೆ ಹೋಗಿ ಯಾರನ್ನೋ ಕೇಳಿ ಬಂದ.
ಲೆಕ್ಕ.

ದಮಯಂತಿ ಕ್ಯಾನಿಗೆ ಹಳೆ ಸೀರೆ ಸುತ್ತಿ
ಬಚ್ಚಲ ಮೂಲೆಯಲ್ಲಿಟ್ಟಳು, ನೆಂಟರ ಕಣ್ಣಿಗೆ ಬೀಳದಂತೆ.
ನಾನು ರಾತ್ರಿಯೆಲ್ಲ ಪಕ್ಕೆಯನ್ನು ಬೆರಳಿಂದ ಅದುಮಿ ಹುಡುಕಿದೆ.
ಸಿಗುತ್ತಿತ್ತು.
ದಿನದಿಂದ ದಿನಕ್ಕೆ ಚೆನ್ನಾಗಿ ಸಿಗುತ್ತಿತ್ತು.

ಮೂರನೆಯ ವಾರ ಗೊತ್ತಾಯಿತು:
ಸ್ಕ್ಯಾನಿನವರು ಉದ್ದಗಲ ಬರೆದಿದ್ದರು, ಸಾಂದ್ರತೆ ಬರೆದಿರಲಿಲ್ಲ.
ಡಾಕ್ಟರು ಫೋನಿನಲ್ಲೇ ಗದರಿ ಮತ್ತೆ ಅಳೆಸಿದರು.
"ಒಂದೇ ಹದ, ಹತ್ತರ ಒಳಗೆ ಅಂಕೆ. ಕೊಬ್ಬು ತುಂಬಿದ ಸಾಧು ಗಂಟು. ನಿಮ್ಮದು ನಾಲ್ಕು."
ಹತ್ತರ ಒಳಗೆ! ಇದು ನನ್ನ ಭಾಷೆ.
ತೇವದ ಮೀಟರು ಹತ್ತರಲ್ಲಿ ನಿಂತರೆ ಮೂಟೆ ಹೊಲಿಯಬಹುದು,
ಹನ್ನೆರಡು ದಾಟಿದರೆ ಒಳಗೇ ಬೂಷ್ಟು.
"ಹಾಗಾದರೆ ಆ ಕ್ಯಾನು?"
"ಈ ಅಂಕೆ ಮೊದಲೇ ಸಿಕ್ಕಿದ್ದರೆ ಬೇಕಿರಲಿಲ್ಲ" ಅಂದರು, ಮೇಜು ನೋಡುತ್ತ.
ರಕ್ತವೂ ಸರಿಯಿದೆ. ಗ್ರಂಥಿ ಹೇಳಿದ ಮಾತು ಕೇಳಿದೆ.
ಕೊಯ್ಯುವುದಿಲ್ಲ. ಮತ್ತೆ ಸ್ಕ್ಯಾನೂ ಬೇಡ.
"ಮತ್ತೆ ಯಾವಾಗ ಬರಲಿ?"
"ಇದಕ್ಕಾಗಿ ಬರಬೇಡಿ."
ತಾರೀಖಿಲ್ಲದ ಚೀಟಿ ಹಿಡಿದು ಸ್ವಲ್ಪ ಹೊತ್ತು ಕೂತೇ ಇದ್ದೆ.

ಏಳುವಾಗ ಬಲಪಕ್ಕೆ ಮುಟ್ಟಿ ತೋರಿಸಿದೆ:
ಇಲ್ಲಿ ಮಾತ್ರ ಈಗಲೂ ಗಟ್ಟಿ ಸಿಗುತ್ತದೆ.
"ಗಂಟು ಎಡಕ್ಕಲ್ಲವೇ ಇರುವುದು?"
ಫಿಲ್ಮಿನೊಳಗಿನ ಮನುಷ್ಯ ನಮಗೆ ಎದುರು ನಿಂತಿರುತ್ತಾನಂತೆ,
ಅವನ ಎಡ ನಮ್ಮ ಬಲ.
ರಿಪೋರ್ಟಿನಲ್ಲೂ ಇತ್ತು. ನಾನು ಸೆಂಟಿಮೀಟರು ಮಾತ್ರ ಓದಿದ್ದೆ.
ಇಪ್ಪತ್ತೊಂದು ರಾತ್ರಿ ಅದುಮಿ ಅದುಮಿ ನಾನು ಬೆಳೆಸಿದ್ದು
ಏನನ್ನು?

ಏನಂತೆ, ಅಂದಳು ದಮಯಂತಿ.
"ಪೀಬೆರಿ" ಅಂದೆ. ಎರಡು ಬೀಜದ ಜಾಗದಲ್ಲಿ
ಒಂದೇ ಉರುಟಾಗಿ ಕೂತದ್ದು. ರೋಗವಲ್ಲ.
ಮರುದಿನ ಸ್ಯಾಂಪಲ್ ರೂಮಿನಲ್ಲಿ ನಲವತ್ತು ಕಪ್ಪು ಸಾಲಾಗಿ ಕಾದಿದ್ದವು.
ಮೊದಲನೆಯದನ್ನು ಉಗುಳಲಿಲ್ಲ.